ಬ್ರೆಜಿಲ್‌ನ ಹಿಮ, ಎಂಜಿಎಂನ ಸಿಂಹ

ಕೊಡಗಿನ ತೋಟದ ಮನೆಗಳಿಗೆ ಹಾಲಿವುಡ್‌ನ ಹಳೆಯ ಚಿತ್ರಗಳನ್ನು ತಂದದ್ದು ಬ್ರೆಜಿಲ್‌ನಲ್ಲಿ ಬಿದ್ದ ಹಿಮ. ಹೀಗೆಂದರೆ ಜನ ನಗುತ್ತಾರೆ, ಆದರೆ ನನ್ನ ಲೆಕ್ಕದಲ್ಲಿ ತಪ್ಪಿಲ್ಲ. 1994ರ ಜೂನ್ ಕೊನೆಯಲ್ಲಿ ಒಮ್ಮೆ, ಜುಲೈನಲ್ಲಿ ಮತ್ತೊಮ್ಮೆ ಅಲ್ಲಿ ಹಿಮ ಕವಿದು ಕಾಫಿ ಗಿಡಗಳು ಕರಟಿಹೋದವು. ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಕೆಲವೇ ವಾರಗಳಲ್ಲಿ ಗಗನಕ್ಕೇರಿತು. ಮೊದಲಿನ ಕಾಲವಾಗಿದ್ದರೆ ಅದರ ಬಿಸಿ ನಮ್ಮ ಬೆಳೆಗಾರರ ಕೈಗೆ ತಟ್ಟುವುದು ನಿಧಾನವಾಗುತ್ತಿತ್ತು. 1942ರ ಕಾಯ್ದೆಯಂತೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹಾಕಿ ದುಡ್ಡು ಕಂತಿನ ಮೇಲೆ ಬರುವುದನ್ನು ಕಾಯುವುದು ರೂಢಿ. ಆದರೆ 90ರ ದಶಕದ ಮೊದಲಿಗೇ ಆ ಕಟ್ಟು ಸಡಿಲವಾಗತೊಡಗಿತ್ತು. 1996ಕ್ಕೆ ಪೂರ್ತಿ ಕಳಚಿತು. ಹಿಮವೂ ಹೊಸ ನಿಯಮವೂ ಒಟ್ಟಿಗೆ ಕೂಡಿಬಂದವು. ಆ ಎರಡು ಮೂರು ವರ್ಷ ಕೊಡಗಿನಲ್ಲಿ ದುಡ್ಡು ಓಡಾಡಿದ ರೀತಿಯನ್ನು ಈಗಲೂ ಜನ ಮರೆತಿಲ್ಲ.

ಮೊನ್ನೆ ಮೊನ್ನೆ, 2024-25ರಲ್ಲಿ, ರೊಬಸ್ಟಾ ಬೆಲೆ ದಾಖಲೆ ಮುರಿದಾಗ ಕಾಫಿ ವ್ಯಾಪಾರಿಗಳ ಅಂಗಡಿಯ ಬೆಂಚುಗಳ ಮೇಲೆ ಒಂದೇ ಮಾತು: 'ತೊಂಬತ್ನಾಲ್ಕರ ಹಾಗೇ ಆಯ್ತಲ್ಲ!' ಆ ವರ್ಷದ ಹೆಸರು ಹೇಳಿದರೆ ಕೆಲವರಿಗೆ ತಾವು ಕೊಂಡ ಮಾರುತಿ ಕಾರು ನೆನಪಾಗುತ್ತದೆ, ಕೆಲವರಿಗೆ ಮಗಳ ಮದುವೆ. ನನಗೆ ನೆನಪಾಗುವುದು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಸಿಮೆಂಟಿನ ಕಟ್ಟೆಯ ಮೇಲೆ ಎದ್ದುನಿಂತ, ಆಳೆತ್ತರ ಮೀರಿದ ಜಾಲರಿಯ ಡಿಶ್.

ನಾನು ರೈಟರ ಮಗ. ಸಿದ್ದಾಪುರದಿಂದ ಒಳಗೆ ಹೋಗುವ ರಸ್ತೆಯೊಂದರ ಕೊನೆಯಲ್ಲಿದ್ದ ತೋಟದಲ್ಲಿ ಅಪ್ಪ ಚೆಕ್‌ರೋಲ್ ಬರೆಯುತ್ತಿದ್ದರು: ಇವತ್ತು ಎಷ್ಟು ಆಳು, ಯಾರಿಗೆ ಅರ್ಧ ದಿನ, ಯಾರು ಮುಂಗಡ ತೆಗೆದುಕೊಂಡಿದ್ದಾರೆ. ನಾವು ಘಟ್ಟದ ಕೆಳಗಿನಿಂದ ಬಂದವರು. ಬಂಗಲೆ ಏರಿನ ಮೇಲೆ, ನಮ್ಮ ಕ್ವಾರ್ಟರ್ಸ್ ಅದರ ಕೆಳಗೆ, ಆಳುಗಳ ಲೈನ್ ಮನೆಗಳು ಇನ್ನೂ ಕೆಳಗೆ, ಹೊಳೆಯ ಹತ್ತಿರ. ಪೇಟೆಯಲ್ಲಾಗಲೇ ಕೇಬಲ್ ಬಂದಿತ್ತು. ಆದರೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಅರ್ಧ ಮೈಲಿ ಕಾಫಿ ಗಿಡವಿರುವ ನಮ್ಮ ಕಡೆ ತಂತಿ ಎಳೆಯುವವರು ಯಾರು? ಹಾಗಾಗಿ ದುಡ್ಡಿದ್ದವರು ತಮ್ಮದೇ ಡಿಶ್ ಹಾಕಿಸಿಕೊಂಡರು. ತೋಟದ ತುಂಬ ಸಿಲ್ವರ್ ಓಕ್ ನೆರಳು. ಬಯಲು ಆಕಾಶ ಕಾಣುತ್ತಿದ್ದದ್ದು ಕಣದಲ್ಲಿ ಮಾತ್ರ. ಅಲ್ಲೇ ನಿಲ್ಲಿಸಿದರು. ಅಪ್ಪನಿಗೆ ಅದರ ಮೇಲೆ ಮೊದಲಿನಿಂದಲೂ ಸಿಟ್ಟು. ಮಧ್ಯಾಹ್ನದ ಮೇಲೆ ಡಿಶ್‌ನ ನೆರಳು ಬಿದ್ದ ಕಡೆ ಚೆರಿ ಸರಿಯಾಗಿ ಒಣಗುವುದಿಲ್ಲವೆಂದು ಅದರ ಸುತ್ತ ಹರಡಿದ್ದನ್ನು ದಿನಕ್ಕೆರಡು ಸಲ ಹೆಚ್ಚಿಗೆ ಎಳೆಸುತ್ತಿದ್ದರು. "ಟೀವಿ ನೋಡೋದು ಅವರು, ಕಾಫಿ ಎಳ್ಸೋದು ನಾವು" ಎಂದು ಅಮ್ಮನ ಹತ್ತಿರ ಮಾತ್ರ ಹೇಳುತ್ತಿದ್ದರು.

ಆ ಡಿಶ್ ಹಿಡಿಯುತ್ತಿದ್ದ ಚಾನೆಲ್‌ಗಳಲ್ಲಿ ಒಂದಕ್ಕೆ ಎರಡು ಹೆಸರು. ಹಗಲೆಲ್ಲ ಕಾರ್ಟೂನ್ ನೆಟ್‌ವರ್ಕ್. ರಾತ್ರಿಯಾಗುತ್ತಿದ್ದಂತೆ ಮಕ್ಕಳನ್ನು ಎಬ್ಬಿಸಿ ಕಳಿಸಿದ ಹಾಗೆ ಕಾರ್ಟೂನ್ ನಿಂತು ಟಿಎನ್‌ಟಿ ಶುರು. 1994ರ ಅಕ್ಟೋಬರ್‌ನಲ್ಲಿ, ಬ್ರೆಜಿಲ್‌ನ ಹಿಮ ಬಿದ್ದ ಮೂರು ತಿಂಗಳಿಗೆ, ಈ ಜೋಡಿ ಏಷ್ಯಾಕ್ಕೆ ಬಂತು. ಅಮೆರಿಕದ ಟೆಡ್ ಟರ್ನರ್ 1986ರಲ್ಲಿ ಎಂಜಿಎಂ ಸ್ಟುಡಿಯೋ ಕೊಂಡು, ಕೆಲವೇ ತಿಂಗಳಲ್ಲಿ ಅದನ್ನು ಮಾರಿದರೂ ಅದರ ಹಳೆಯ ಚಿತ್ರಗಳ ಭಂಡಾರವನ್ನು ಮಾತ್ರ ಕೈಬಿಟ್ಟಿರಲಿಲ್ಲ. ಅದರಲ್ಲಿ ವಾರ್ನರ್ ಬ್ರದರ್ಸ್‌ನ 1950ಕ್ಕೆ ಮುಂಚಿನ ಚಿತ್ರಗಳೂ ಆರ್‌ಕೆಓದ ಚಿತ್ರಗಳೂ ಇದ್ದವು. ಅವನ್ನೆಲ್ಲ ತೋರಿಸಲು ಅವನಿಗೊಂದು ಚಾನೆಲ್ ಬೇಕಿತ್ತು. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ಗೊತ್ತಿದ್ದದ್ದು ಇಷ್ಟೆ: ಟಾಮ್ ಅಂಡ್ ಜೆರ್ರಿಗೆ ಮುಂಚೆ ಗರ್ಜಿಸುವ ಸಿಂಹವೇ ರಾತ್ರಿಯ ದೊಡ್ಡವರ ಸಿನಿಮಾಕ್ಕೂ ಗರ್ಜಿಸುತ್ತದೆ. ಹಾಗಾಗಿ ಎದ್ದು ಹೋಗಬೇಕೆಂದು ನನಗೆ ಅನ್ನಿಸಲಿಲ್ಲ. ಸಿಂಹ ಬಂದಿದೆ, ಬೆಕ್ಕೂ ಇಲಿಯೂ ಹಿಂದೆಯೇ ಬರುತ್ತವೆ ಎಂದು ಕಾಯುತ್ತಾ ಕುಳಿತೆ. ಬಂದದ್ದು ಗ್ರೆಟಾ ಗಾರ್ಬೊ.

ಬಂಗಲೆಯ ಹಾಲ್‌ನಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸೋಫಾದಲ್ಲಿ ತೋಟದ ಸಾವ್ಕಾರ್ರು ಮತ್ತು ಅವರ ಹೆಂಡತಿ. ಬೆತ್ತದ ಕುರ್ಚಿಗಳು ನೆಂಟರಿಗೆ, ಪಕ್ಕದ ತೋಟದವರಿಗೆ. ನೆಲದ ಮೇಲಿನ ಜಮಖಾನ ನನ್ನ ತಂಗಿಗೆ, ನನಗೆ, ಒಮ್ಮೊಮ್ಮೆ ಅಮ್ಮನಿಗೆ. ಅಡುಗೆ ಮನೆಯ ಬಾಗಿಲಲ್ಲಿ, ಹೊಸಿಲಿನ ಆಚೆ, ಡ್ರೈವರ್, ವಾಚ್‌ಮ್ಯಾನ್, ಪಾತ್ರೆ ತೊಳೆಯಲು ಬರುತ್ತಿದ್ದ ಲೈನ್ ಮನೆಯ ಹೆಂಗಸು. ಅವರು ಕೂರುತ್ತಿರಲಿಲ್ಲ, ನಿಂತು, ಚೌಕಟ್ಟಿಗೆ ಒರಗಿ ನೋಡುತ್ತಿದ್ದರು. ನಡುವೆ ಕಾಫಿ ಬರುತ್ತಿತ್ತು. ಸೋಫಾಕ್ಕೆ ಪಿಂಗಾಣಿ ಕಪ್ಪು, ಜಮಖಾನಕ್ಕೆ ಸ್ಟೀಲ್ ಲೋಟ, ಬಾಗಿಲಿನವರಿಗೂ ಸ್ಟೀಲ್ ಲೋಟವೇ, ಆದರೆ ಅವು ಹಿತ್ತಿಲ ಕಿಟಕಿಯ ಹಲಗೆಯ ಮೇಲೆ ಬೇರೆ ಇರುತ್ತಿದ್ದವು. ನಮ್ಮ ಲೋಟ ಒಳಗಿನ ಸ್ಟ್ಯಾಂಡಿನಿಂದ ಬರುತ್ತದೆ ಎನ್ನುವುದು ನಮ್ಮ ಮನೆಯಲ್ಲಿ ಹೇಳದೇ ಇದ್ದ ಒಂದು ಹೆಮ್ಮೆ.

ಸಾವ್ಕಾರ್ರಿಗೆ ಸಿನಿಮಾ ಅಷ್ಟು ಬೇಕಿರಲಿಲ್ಲ. ಮಿಲಿಟರಿಯಿಂದ ಬಂದವರು, ಯುದ್ಧದ ಚಿತ್ರವಾದರೆ ಎಚ್ಚರ, ಇಲ್ಲದಿದ್ದರೆ ಎರಡನೇ ಪೆಗ್ಗಿಗೆ ಗೊರಕೆ. ನೋಡುತ್ತಿದ್ದವರು ಅವರ ಹೆಂಡತಿ. ಕುಟ್ಟದ ಕಡೆಯ ಮನೆಯವರು, 50ರ ದಶಕದಲ್ಲಿ ಬೆಂಗಳೂರಿನಲ್ಲಿ ಓದಿದವರು. ಹಾಸ್ಟೆಲಿನಿಂದ ತಪ್ಪಿಸಿಕೊಂಡು ಪ್ಲಾಜಾದಲ್ಲಿ ಮ್ಯಾಟಿನಿ ನೋಡಿದ ಕತೆಗಳು ಅವರಲ್ಲಿ ಮುಗಿಯುತ್ತಲೇ ಇರಲಿಲ್ಲ. ಆ ರಸ್ತೆಗೆ ಮಹಾತ್ಮ ಗಾಂಧಿಯವರ ಹೆಸರು ಬಂದು ಎಷ್ಟು ಕಾಲವಾದರೂ ಅವರ ಬಾಯಲ್ಲಿ ಅದು ಸೌತ್ ಪರೇಡೇ. (1936ರಲ್ಲಿ ಶುರುವಾದ ಆ ಪ್ಲಾಜಾ ಈಗಿಲ್ಲ, ಆ ಜಾಗದಲ್ಲಿ ಮೆಟ್ರೊ ನಿಲ್ದಾಣ ಬಂತು.) ನಾವೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದೆವು. ಅವರಿಗೆ ನಾನು 'ಕುಂಞಿ', ಅಂದರೆ ಮಗು.

ಆಗಿನ ಟಿಎನ್‌ಟಿಯಲ್ಲಿ ಕೆಳಗೆ ಅಕ್ಷರ ಬರುತ್ತಿರಲಿಲ್ಲ. ಆ ವೇಗದ ಅಮೆರಿಕನ್ ಇಂಗ್ಲಿಷ್ ನಮ್ಮ ಕಿವಿಗೆ ನಿಲುಕುವಂಥದ್ದಲ್ಲ. ಹಾಗಾಗಿ ಬಂಗಲೆಯ ಅಮ್ಮನೇ ಸ್ವೆಟರ್ ಹೆಣೆಯುತ್ತಾ, ಕಣ್ಣು ಟೀವಿಯಿಂದ ತೆಗೆಯದೆ, ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅವರ ಅನುವಾದಕ್ಕೆ ಒಂದು ಶಿಸ್ತಿತ್ತು: ಪರದೆಯ ಮೇಲೆ ಗಂಡು ಹೆಣ್ಣು ಐದು ನಿಮಿಷ ಮಾತಾಡಿದರೂ ನಮಗೆ ಸಿಗುತ್ತಿದ್ದದ್ದು ಒಂದೇ ವಾಕ್ಯ. "ಅವನು ಬೇಡ ಅಂತಾನೆ." ಮತ್ತೆ ಐದು ನಿಮಿಷ. "ಅವಳಿಗೆ ಮನಸ್ಸುಂಟು, ಹೇಳಲ್ಲ." ಕ್ಯಾಥರೀನ್ ಹೆಪ್‌ಬರ್ನ್‌ಳ ಮಾತಿನ ಮಳೆಯೆಲ್ಲ ಒಮ್ಮೆ "ಬಾಯಿ ಜಾಸ್ತಿ ಇವಳಿಗೆ" ಎಂಬಲ್ಲಿಗೆ ಮುಗಿಯಿತು. ಈಗ ಆ ಚಿತ್ರಗಳನ್ನು ಅಕ್ಷರದ ಸಹಾಯದಿಂದ ನೋಡುವಾಗ ಅನ್ನಿಸುತ್ತದೆ, ಅಮ್ಮ ಬಿಟ್ಟ ಮಾತುಗಳಲ್ಲಿ ಎಷ್ಟೋ ಒಳ್ಳೆಯವು ಇದ್ದವು, ಆದರೆ ಕತೆಯ ಎಲುಬನ್ನು ಅವರು ಒಮ್ಮೆಯೂ ತಪ್ಪಿಸಿರಲಿಲ್ಲ. ಮಾತು ಅರ್ಥವಾಗದ್ದರಿಂದ ನಾವು ಮುಖ ನೋಡುವುದನ್ನು ಕಲಿತೆವು. ಇನ್‌ಗ್ರಿಡ್ ಬರ್ಗ್‌ಮನ್‌ಳ ಕಣ್ಣಿನಲ್ಲಿ ನೀರು ತುಂಬಿ, ಕೆಳಗೆ ಬೀಳದೆ ಅಲ್ಲೇ ನಿಲ್ಲುವುದನ್ನು ತೋರಿಸಿಕೊಡಲು ಯಾವ ಅನುವಾದವೂ ಬೇಕಿರಲಿಲ್ಲ.

ಮಳೆಗಾಲದಲ್ಲಿ ಚಿತ್ರವೊಂದನ್ನು ಕೊನೆಯವರೆಗೆ ನೋಡಿದ್ದು ಅಪರೂಪ. ಗಾಳಿಗೆ ಎಲ್ಲೋ ಮರ ಬಿದ್ದು ಲೈನ್ ಹೋಗುತ್ತಿತ್ತು. ಜನರೇಟರ್ ಇತ್ತು, ಆದರೆ ಅದರ ಡೀಸೆಲ್ ಪಲ್ಪರಿಗೆ, ಸಿನಿಮಾಕ್ಕಲ್ಲ ಎನ್ನುವುದು ಸಾವ್ಕಾರ್ರ ಕಟ್ಟುನಿಟ್ಟು. 'ಕಾಸಾಬ್ಲಾಂಕಾ'ದಲ್ಲಿ ವಿಮಾನ ನಿಲ್ದಾಣದ ಮಂಜು ಕವಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಲಾಟೀನು ಹಚ್ಚಿಕೊಂಡು ಅಮ್ಮ ಉಳಿದ ಕತೆ ಹೇಳಿದರು: ನಾಯಕ ಅವಳನ್ನು ಅವಳ ಗಂಡನ ಜೊತೆ ವಿಮಾನ ಹತ್ತಿಸಿ ತಾನು ಉಳಿಯುತ್ತಾನೆ. ಬಾಗಿಲಿನಿಂದ ಡ್ರೈವರ್ ಕೇಳಿದ, "ಅಲ್ಲಮ್ಮ, ಅಷ್ಟು ಒದ್ದಾಡಿದ್ದು ಊರು ಬಿಡೋ ಆ ಕಾಗದಕ್ಕೆ. ಕೊನೆಗೆ ಬೇರೆಯವನ ಕೈಗೆ ಕೊಟ್ನಾ?" ಎಚ್ಚರವಾಗಿದ್ದ ಸಾವ್ಕಾರ್ರು, "ಕೊಡಬೇಕು. ಯುದ್ಧ ನಡೀತಾ ಇದೆ" ಎಂದರು. "ಯುದ್ಧ ಮುಗಿದ ಮೇಲೆ ಕೇಳಬಹುದಿತ್ತು" ಎಂದ ಡ್ರೈವರ್. ನಮ್ಮಮ್ಮ ಹೆಣ್ಣಿನ ಪಕ್ಷ ಹಿಡಿದು, ಅವಳನ್ನು ಕೇಳಿದವರೇ ಇಲ್ಲವಲ್ಲ ಎಂದರು. ಕರೆಂಟು ಬಂದಿದ್ದರೆ ನಡೆಯುತ್ತಿರಲಿಲ್ಲ ಆ ಚರ್ಚೆ.

ಬೇಸಿಗೆಯಲ್ಲಿ ಕಷ್ಟ ಬೇರೆ ತರಹದ್ದು. ಸಂಜೆಯಾದರೆ ವೋಲ್ಟೇಜ್ ಇಳಿದು ಬಲ್ಬುಗಳು ಕೆಂಪಗಾಗುತ್ತಿದ್ದವು. ಒಮ್ಮೆ 1944ರ 'ಗ್ಯಾಸ್‌ಲೈಟ್' ನೋಡುತ್ತಿದ್ದೆವು. ಅದರಲ್ಲಿ ಗಂಡ ಅಟ್ಟದ ಮೇಲೆ ಕಳ್ಳತನದಿಂದ ದೀಪ ಹಚ್ಚಿದಾಗಲೆಲ್ಲ ಹೆಂಡತಿಯ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ, ಅವಳು ತನಗೇ ಹುಚ್ಚೆಂದು ಹೆದರುತ್ತಾಳೆ. ಅದೇ ಹೊತ್ತಿಗೆ ನಮ್ಮ ಹಾಲ್‌ನ ಬಲ್ಬೂ ಮಂಕಾಯಿತು. ತಂಗಿ ಕಿರುಚಿದಳು. ಆ ಚಿತ್ರವನ್ನು ಅಷ್ಟು ಚೆನ್ನಾಗಿ ಮತ್ತೆಂದೂ ನೋಡಿಲ್ಲ.

'ಸಿಂಗಿಂಗ್ ಇನ್ ದ ರೇನ್' ಬಂದದ್ದು ಜುಲೈನಲ್ಲಿ. ಹೊರಗೆ ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಹಾಡು ಅರ್ಧ ಮಾತ್ರ ಕೇಳುತ್ತಿತ್ತು. ಜೀನ್ ಕೆಲ್ಲಿ ಕೊಡೆ ಮಡಚಿ, ಸೂಟಿನಲ್ಲೇ ನೆನೆಯುತ್ತಾ ಕುಣಿಯತೊಡಗಿದಾಗ ಜಿಗಣೆ, ಒಣಗದ ಬಟ್ಟೆ, ಬೂಸಲು ಹಿಡಿದ ಚಪ್ಪಲಿಗಳ ನಡುವೆ ಬದುಕುತ್ತಿದ್ದ ನಮಗೆ ಅವನ ಸಂತೋಷದ ತಲೆಬುಡ ತಿಳಿಯಲಿಲ್ಲ. "ನಾಳೆ ಜ್ವರ ಬರ್ತದೆ ಇವನಿಗೆ" ಎಂದಳು ಪಾತ್ರೆ ತೊಳೆಯುವ ಹೆಂಗಸು. ಆ ದೃಶ್ಯ ತೆಗೆಯುವಾಗ ಕೆಲ್ಲಿಗೆ ನಿಜಕ್ಕೂ 103 ಡಿಗ್ರಿ ಜ್ವರವಿತ್ತೆಂದು ಮುಂದೆ ಎಲ್ಲೋ ಓದಿದಾಗ ಮೊದಲು ನೆನಪಾದವಳು ಅವಳು.

ಆದರೆ ಆ ಮನೆಯ ನಿಜವಾದ ವಿಮರ್ಶಕ ವಾಚ್‌ಮ್ಯಾನ್. ಜೇನು ಕುರುಬರವನು. ಅವನ ಅಪ್ಪ ಆನೆ ಶಿಬಿರದಲ್ಲಿ ಕೆಲಸ ಮಾಡಿದವನು. ರಾತ್ರಿ ತೋಟಕ್ಕೆ ಆನೆ ನುಗ್ಗಿದರೆ ಓಡಿಸುವುದು ಇವನ ಕೆಲಸ. ಯಾವ ಆನೆ, ಯಾವ ಕಡೆಯಿಂದ ಬಂತು, ಒಂಟಿಯೋ ಮರಿಯ ಜೊತೆಯೋ ಎಂದು ಮುರಿದ ಕೊಂಬೆ ನೋಡಿ ಹೇಳುತ್ತಿದ್ದ. ಒಂದು ರಾತ್ರಿ 1932ರ 'ಟಾರ್ಜನ್ ದ ಏಪ್ ಮ್ಯಾನ್' ಬಂತು. ಒಲಿಂಪಿಕ್ಸ್‌ನಲ್ಲಿ ಈಜಿ ಐದು ಚಿನ್ನ ಗೆದ್ದಿದ್ದ ಜಾನಿ ವೈಸ್‌ಮುಲ್ಲರ್ ಮರದಿಂದ ಮರಕ್ಕೆ ಹಾರಿ, ಕೂಗು ಹಾಕಿ, ಆನೆಗಳ ಹಿಂಡನ್ನು ಕರೆದ. ನಾವು ಉಸಿರು ಬಿಗಿಹಿಡಿದಿದ್ದೆವು. ಬಾಗಿಲಿನಿಂದ ಮೆಲ್ಲಗೆ ಕೇಳಿತು:

"ಆ ಕಿವಿ ಅದರದ್ದಲ್ಲ."

ಅಮ್ಮ ಹೆಣಿಗೆ ನಿಲ್ಲಿಸಿ ತಿರುಗಿದರು. "ಏನಂದೆ?"

"ಕಿವಿ ಅಮ್ಮ. ಆನೆ ಕಿವಿ ಬೀಸಿದ್ರೆ ಬುಡದಿಂದ ಬೀಸ್ತದೆ. ಇದು ನೋಡಿ, ಮುಂದೆ ಮಾತ್ರ ಅಲ್ಲಾಡ್ತದೆ. ಬುಡ ಸುಮ್ನೆ ಅದೆ. ಯಾರೋ ಕಟ್ಟಿದ್ದಾರೆ."

ಸಾವ್ಕಾರ್ರು ನಕ್ಕರು. ಅದು ಆಫ್ರಿಕಾದ ಆನೆ, ಅದಕ್ಕೆ ಕಿವಿ ದೊಡ್ಡದು ಎಂದರು. ಅವನು ಒಪ್ಪಲಿಲ್ಲ. ಹೊಸಿಲು ದಾಟಲಿಲ್ಲ, ಆದರೆ ಕೈ ಒಳಗೆ ಚಾಚಿ ತೋರಿಸಿದ. "ತಲೆ ನೋಡಿ ಸಾರ್, ಎರಡು ದಿಣ್ಣೆ ಅದೆ. ಬೆನ್ನು ಮೇಲೆ ಎದ್ದದೆ. ಇದು ನಮ್ಮ ಕಡೆ ಆನೆ. ಅದೂ ಹೆಣ್ಣಾನೆ, ಕೊಂಬು ಕೂಡ ಕಟ್ಟಿದ್ದೇ." ಅಷ್ಟರಲ್ಲಿ ದೃಶ್ಯ ಬದಲಾಯಿತು. "ಈಗ ಬಂತಲ್ಲ, ಇದು ಬೇರೆ ಜಾತಿ. ಬೆನ್ನು ಹಳ್ಳ ಬಿದ್ದದೆ. ಈ ಕಿವಿ ಇದರದ್ದೇ." ಮರುಕ್ಷಣ ಮತ್ತೆ ಮೊದಲಿನವು ಬಂದವು. "ಹಾಂ, ಮತ್ತೆ ಕಟ್ಟಿದ ಕಿವಿಯವು."

"ಹಾಲಿವುಡ್‌ನವರಿಗೆ ನಿನ್ನಷ್ಟು ಗೊತ್ತಿಲ್ವಾ?" ಎಂದರು ಸಾವ್ಕಾರ್ರು. ಅವನು ಉತ್ತರ ಕೊಡಲಿಲ್ಲ. ಟಾರ್ಚ್ ತೆಗೆದುಕೊಂಡು ತನ್ನ ಕೆಲಸಕ್ಕೆ ಹೋದ.

ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಎಂಜಿಎಂನವರು ಪಳಗಿಸಿದ ಏಷ್ಯಾದ ಆನೆಗಳಿಗೆ ದೊಡ್ಡ ಕಿವಿ, ಕೊಂಬು ಕಟ್ಟಿ ಆಫ್ರಿಕಾದ ಆನೆ ಮಾಡಿದ್ದರು. ನಡುನಡುವೆ, ಆಫ್ರಿಕಾಕ್ಕೇ ಹೋಗಿ ತೆಗೆದು ಅದಕ್ಕೆ ಹಿಂದಿನ ವರ್ಷ ತೆರೆಗೆ ತಂದಿದ್ದ 'ಟ್ರೇಡರ್ ಹಾರ್ನ್' ಚಿತ್ರದಲ್ಲಿ ಉಳಿದ ರೀಲನ್ನು ಸೇರಿಸಿದ್ದರು. ಚಿತ್ರದ ಇತಿಹಾಸ ಬರೆದವರೆಲ್ಲ ಇದನ್ನು ದಾಖಲಿಸಿದ್ದಾರೆ. ನಮ್ಮ ವಾಚ್‌ಮ್ಯಾನ್ ಅದನ್ನು ಪುಸ್ತಕವಿಲ್ಲದೆ, ಇಪ್ಪತ್ತೊಂದು ಇಂಚಿನ ಟೀವಿಯಲ್ಲಿ, ಬಾಗಿಲಿನಷ್ಟು ದೂರದಿಂದ ಕಂಡುಹಿಡಿದ. ಸಿನಿಮಾ ನೋಡುವುದೆಂದರೆ ಹೇಗೆ ಎಂದು ನನಗೆ ಕಲಿಸಿದವರಲ್ಲಿ ಅವನಿಗೆ ಮೊದಲ ಜಾಗ. ಮುಂದೆ ಕಾಲೇಜಿನಲ್ಲಿ, ಫಿಲ್ಮ್ ಸೊಸೈಟಿಗಳಲ್ಲಿ ಶಾಟ್, ಕಟ್ ಎಂದೆಲ್ಲ ಮಾತಾಡುವವರ ನಡುವೆ ಕುಳಿತಾಗಲೂ, ಒಂದು ಶಾಟಿನಿಂದ ಇನ್ನೊಂದಕ್ಕೆ ಬೆನ್ನಿನ ಗೆರೆ ಬದಲಾದದ್ದನ್ನು ಗುರುತಿಸುವ ಕಣ್ಣು ಅವರಲ್ಲಿ ಎಷ್ಟು ಜನಕ್ಕಿತ್ತೋ.

ಅಮ್ಮನಿಗೆ ಆ ಮಾತು ಮನಸ್ಸಿಗೆ ಹತ್ತಿತ್ತು. ಮರುದಿನ ಅವರು ಸಾಬುವಿನ ಕತೆ ಹೇಳಿದರು. ಕುಟ್ಟದಿಂದ ಕಾಡಿನ ಆಚೆಗೆ ಹೋದರೆ ಹೆಗ್ಗಡದೇವನಕೋಟೆಯ ಕಾರಾಪುರ, ಕಾಕನಕೋಟೆ, ಮೈಸೂರು ಮಹಾರಾಜರ ಖೆಡ್ಡಾ ನಡೆಯುತ್ತಿದ್ದ ಸೀಮೆ. 1924ರಲ್ಲಿ ಅಲ್ಲೊಬ್ಬ ಮಾವುತನ ಮಗನಾಗಿ ಹುಟ್ಟಿದ ಸಾಬು ಅರಮನೆಯ ಆನೆ ಲಾಯದಲ್ಲಿ ಬೆಳೆಯುತ್ತಿದ್ದಾಗ, ರಾಬರ್ಟ್ ಫ್ಲಾಹರ್ಟಿಯ ತಂಡ ಅವನನ್ನು ಕಂಡು 'ಎಲಿಫೆಂಟ್ ಬಾಯ್'ಗೆ ಆರಿಸಿತು. 1937ರಲ್ಲಿ ತೆರೆಕಂಡ ಆ ಚಿತ್ರ ಬ್ರಿಟನ್ನಿನದು. ಫ್ಲಾಹರ್ಟಿ ಇಲ್ಲಿ ತೆಗೆದದ್ದು ಬಿಟ್ಟು ಉಳಿದದ್ದನ್ನು ಜೋಲ್ಟಾನ್ ಕೋರ್ಡಾ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಮುಗಿಸಿದ. ಹುಡುಗ ಅಲ್ಲಿಂದ ಹಾಲಿವುಡ್‌ಗೆ ಹೋದ, 'ಜಂಗಲ್ ಬುಕ್'ನ ಮೌಗ್ಲಿಯಾದ, ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದಲ್ಲಿ ಗನ್ನರ್ ಆದ. 1963ರಲ್ಲಿ, 39ನೇ ವಯಸ್ಸಿಗೆ ತೀರಿಕೊಂಡ. ಕಾಕನಕೋಟೆಯ ಆ ಖೆಡ್ಡಾ ಕಣಿವೆಯೂ ಕಬಿನಿ ಹಿನ್ನೀರಿನ ಕೆಳಗೆ ಹೋಯಿತು. ಅಮ್ಮ ಇಷ್ಟೆಲ್ಲ ಹೇಳಲಿಲ್ಲ. ಅವರು ಹೇಳಿದ್ದು, ತಮ್ಮ ತಂದೆ ಖೆಡ್ಡಾ ನೋಡಲು ಹೋಗುತ್ತಿದ್ದರು, 'ನಮ್ಮ ಕಾಡಿನ ಹುಡುಗ' ಬಿಳಿಯರ ಸಿನಿಮಾಕ್ಕೆ ಹೋದ ಎಂದು ಮನೆಯಲ್ಲಿ ಮಾತಾಡುತ್ತಿದ್ದರು, ಇಷ್ಟನ್ನೇ. ಉಳಿದದ್ದು ನಾನು ಹುಡುಕಿಕೊಂಡದ್ದು. ಮಾವುತನ ಮಗ ಹಾಲಿವುಡ್‌ಗೆ ಹೋದದ್ದನ್ನು ಅಷ್ಟು ಅಭಿಮಾನದಿಂದ ಹೇಳಿದ ಅಮ್ಮ, ಆನೆ ಶಿಬಿರದವನ ಮಗನನ್ನು ಆ ದಿನವೂ ಒಳಗೆ ಬಂದು ಕೂರು ಎನ್ನಲಿಲ್ಲ. ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಿತ್ತು. ಅವನ ಹೆಂಡತಿಯ ಹೆರಿಗೆಗೆ ರಾತ್ರಿ ತಾವೇ ಜೀಪು ಓಡಿಸಿಕೊಂಡು ಆಸ್ಪತ್ರೆಗೆ ಹೋದವರು ಅವರು.

'ಗಾನ್ ವಿತ್ ದ ವಿಂಡ್' ಬರುತ್ತದೆಂದು ಗೊತ್ತಾದ ದಿನ ಬಂಗಲೆಯಲ್ಲಿ ಹಬ್ಬ. ಸುಮಾರು ನಾಲ್ಕು ಗಂಟೆಯ ಸಿನಿಮಾ. ಅಮ್ಮ ಸಂಜೆಯೇ ಪಂದಿ ಕರಿ, ಕಡುಂಬುಟ್ಟು ಮಾಡಿಸಿ ಮುಗಿಸಿಬಿಟ್ಟಿದ್ದರು. ಪಕ್ಕದ ಎರಡು ತೋಟದವರು ಬಂದಿದ್ದರು. ಅವತ್ತು ಕರೆಂಟೂ ಕೈಕೊಡಲಿಲ್ಲ. ಅಟ್ಲಾಂಟಾ ನಗರ ಉರಿಯುವ ದೃಶ್ಯಕ್ಕೆ ಎಲ್ಲರೂ ಬೆರಗಾದರು. ಆ ಬೆಂಕಿಗಾಗಿ ಸುಟ್ಟದ್ದು ಸ್ಟುಡಿಯೋದ ಹಳೆಯ ಸೆಟ್‌ಗಳನ್ನು. 'ಕಿಂಗ್ ಕಾಂಗ್' ಚಿತ್ರದ ಆ ಮಹಾ ಗೋಡೆಯೂ ಅದರಲ್ಲೇ ಬೂದಿಯಾಯಿತಂತೆ. ಭೂಮಿಯೊಂದೇ ಉಳಿಯುವುದು ಎಂದು ಮುದಿ ಅಪ್ಪ ಮಗಳು ಸ್ಕಾರ್ಲೆಟ್‌ಗೆ ಹೇಳುವಾಗ ಅಮ್ಮ ಅದನ್ನು ಒಂದೇ ವಾಕ್ಯಕ್ಕೆ ಇಳಿಸಲಿಲ್ಲ, ಪೂರ್ತಿ ಹೇಳಿದರು. ಸಾವ್ಕಾರ್ರು ಎದ್ದು ಕುಳಿತಿದ್ದರು. ತಲೆಮಾರುಗಳಿಂದ ಬಂದ ಜಮ್ಮಾ ಜಮೀನಿನ ಜನಕ್ಕೆ ಆ ಮಾತಿಗೆ ಅನುವಾದವೇ ಬೇಡ. ಸ್ಕಾರ್ಲೆಟ್ ಕೆಂಪು ಮಣ್ಣಿನ ಮೇಲೆ ಬಿದ್ದು, ಇನ್ನೆಂದೂ ಹಸಿದಿರಲಾರೆ ಎಂದು ಆಣೆ ಮಾಡುವಾಗ ಬೆತ್ತದ ಕುರ್ಚಿಗಳಲ್ಲಿ ಸೆರಗು, ಕರವಸ್ತ್ರ ಮೇಲೆದ್ದವು. ನಾನೂ ಅತ್ತೆ. ಅಷ್ಟು ದೊಡ್ಡ ತೋಟ, ಅಷ್ಟು ಒಳ್ಳೆಯ ಮನೆ ಹಾಳಾಯಿತಲ್ಲ ಎಂದು ರೈಟರ ಮಗ ಅತ್ತ.

ಇಂಟರ್ವಲ್‌ನಲ್ಲಿ ಕಾಫಿ ಬಂತು. ಪಾತ್ರೆ ತೊಳೆಯುವ ಹೆಂಗಸು ಲೋಟ ಕೊಡುತ್ತಾ ಕೇಳಿದಳು:

"ಆ ದಪ್ಪ ಅಮ್ಮ ಇದ್ದಾಳಲ್ಲ, ಚಿಕ್ಕಮ್ಮಂಗೆ ಲಂಗ ಬಿಗಿಯೋಳು. ಅವಳಿಗೆ ಮಕ್ಕಳಿಲ್ವಾ?"

"ಗೊತ್ತಿಲ್ಲ" ಎಂದರು ಅಮ್ಮ.

"ಅವಳ ಮನೆ ಎಲ್ಲಿ? ತೋರಿಸಲೇ ಇಲ್ಲ."

"ಅಲ್ಲೇ ಇರ್ತಾಳೆ, ಆ ಮನೇಲಿ."

"ಅದು ಅವರ ಮನೆ ಅಲ್ವಾ?" ಎಂದಳು ಅವಳು. ಪಕ್ಕದ ತೋಟದವರು ನಕ್ಕರು. ಎರಡನೇ ಭಾಗ ಶುರುವಾಯಿತು.

ಅವಳು ಯರವರವಳು. ಕೊಡಗಿನಲ್ಲಿ ಗದ್ದೆ, ತೋಟಗಳ ಜೊತೆಗೇ ಕೈಬದಲಾಗುತ್ತಿದ್ದ ಜೀತದವರ ಮೊಮ್ಮಗಳೋ ಮರಿಮಗಳೋ. ಜೀತ ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ ದೇಶಕ್ಕೆ ಬಂದದ್ದು 1976ರಲ್ಲಿ. ನಾನು ಹೇಳುತ್ತಿರುವ ರಾತ್ರಿಗೆ ಅದಿನ್ನೂ ಇಪ್ಪತ್ತು ವರ್ಷ ಹಳತು. ಆ ಚಿತ್ರದ ಬಗ್ಗೆ ಮುಂದೆ ನಾನು ಓದಿದ ಯಾವ ಲೇಖನವೂ ಅವಳ ಪ್ರಶ್ನೆಗಿಂತ ಆಳಕ್ಕೆ ಹೋಗಲಿಲ್ಲ. ನಾಲ್ಕು ಗಂಟೆ ಉದ್ದದ ಚಿತ್ರದಲ್ಲಿ ಆ 'ದಪ್ಪ ಅಮ್ಮ' ಮ್ಯಾಮಿಗೆ ಮನೆಯಿಲ್ಲ, ಮಕ್ಕಳಿಲ್ಲ, ಸ್ವಂತದ ಒಂದು ಹೆಸರೂ ಇಲ್ಲ. ಆ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್ 1939ರ ಡಿಸೆಂಬರ್‌ನಲ್ಲಿ ಅಟ್ಲಾಂಟಾದ ಮೊದಲ ಪ್ರದರ್ಶನಕ್ಕೆ ಹೋಗುವಂತಿರಲಿಲ್ಲ. ಕರಿಯರು ಬಿಳಿಯರ ಜೊತೆ ಕೂರಲು ಅಲ್ಲಿ ಕಾನೂನು ಬಿಡುತ್ತಿರಲಿಲ್ಲ. ಎರಡು ತಿಂಗಳ ನಂತರ, 1940ರ ಫೆಬ್ರವರಿ 29ರಂದು, ಆಸ್ಕರ್ ಗೆದ್ದ ಮೊದಲ ಕರಿಯ ಕಲಾವಿದೆಯಾದಳು. ಸಮಾರಂಭ ನಡೆದ ಲಾಸ್ ಏಂಜಲೀಸ್‌ನ ಹೋಟೆಲ್ ಕರಿಯರನ್ನು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ನಿರ್ಮಾಪಕ ಸೆಲ್ಜ್‌ನಿಕ್ ಹೇಳಿಕೇಳಿ ಅವಳನ್ನು ಬರಮಾಡಿಕೊಳ್ಳಬೇಕಾಯಿತು. ಕೂರಿಸಿದ್ದು ಚಿತ್ರದ ಉಳಿದವರ ಜೊತೆಯಲ್ಲಲ್ಲ, ಗೋಡೆಯ ಪಕ್ಕದ ಬೇರೆ ಮೇಜಿನಲ್ಲಿ. ಇದನ್ನು ಓದಿದ ದಿನ ಹಿತ್ತಿಲ ಕಿಟಕಿಯ ಹಲಗೆ, ಅದರ ಮೇಲೆ ಬೋರಲು ಹಾಕಿದ ಮೂರು ಲೋಟ ಕಣ್ಣಿಗೆ ಕಟ್ಟಿದವು.

2020ರಲ್ಲಿ ಅಮೆರಿಕದ ಒಂದು ಸ್ಟ್ರೀಮಿಂಗ್ ವೇದಿಕೆ ಆ ಚಿತ್ರವನ್ನು ಕೆಲವು ದಿನ ತೆಗೆದುಹಾಕಿ, ಕೊನೆಗೆ ವಿದ್ವಾಂಸರೊಬ್ಬರ ಮುನ್ನುಡಿಯ ಜೊತೆ ಮರಳಿ ಹಾಕಿತು. ಗಲಾಟೆ ಜೋರಾಗಿತ್ತು. ನನ್ನ ಅಭಿಪ್ರಾಯ ಕೇಳಿದರೆ, ತೆಗೆಯಬಾರದು. ಮೊದಲರ್ಧದಂಥ ಚಿತ್ರ ನಿರ್ಮಾಣ ಮತ್ತೆ ಆಗಿದ್ದು ಕಡಿಮೆ. ಎರಡನೇ ಅರ್ಧ, ನಿಜ ಹೇಳಬೇಕೆಂದರೆ, ಎಳೆದಾಟ. ಆದರೆ ಮುನ್ನುಡಿ ಹೇಳಲು ಅವರಿಗೆ ನಮ್ಮ ಅಡುಗೆ ಮನೆಯ ಬಾಗಿಲಿನವಳು ಸಿಗಬೇಕಿತ್ತು.

ಕಾಫಿಯ ಆ ಭಾಗ್ಯ ಬಹಳ ದಿನ ನಿಲ್ಲಲಿಲ್ಲ. ಶತಮಾನ ತಿರುಗುವ ಹೊತ್ತಿಗೆ ವಿಯೆಟ್ನಾಂನ ರೊಬಸ್ಟಾ ಜಗತ್ತಿನ ಮಾರುಕಟ್ಟೆಗೆ ನುಗ್ಗಿ ಬೆಲೆ ಪಾತಾಳಕ್ಕೆ ಇಳಿಯಿತು. ಅದೇ ಸುಮಾರಿಗೆ ಟಿಎನ್‌ಟಿ ಹೆಸರು ಬದಲಿಸಿ ಟಿಸಿಎಂ ಆಯಿತು, ಕಾರ್ಟೂನ್ ನೆಟ್‌ವರ್ಕ್ 24 ಗಂಟೆಯೂ ಕಾರ್ಟೂನ್ ತೋರಿಸತೊಡಗಿತು. ಡಿಶ್‌ನ ಜಾಲರಿ ಒಂದು ಮಳೆಗಾಲದಲ್ಲಿ ಹರಿದುಹೋದದ್ದನ್ನು ರಿಪೇರಿ ಮಾಡಿಸಲಿಲ್ಲ. ಅಪ್ಪನಿಗೆ ಅದರ ನೆರಳಿನಿಂದ ಬಿಡುಗಡೆ. ಸಾವ್ಕಾರ್ರು ಹೋದರು, ಆಮೇಲೆ ಅಮ್ಮ. ಬಂಗಲೆ ಹೋಮ್‌ಸ್ಟೇ ಆಗಿದೆ. ವಾಚ್‌ಮ್ಯಾನ್ ಕೂಡ ಈಗಿಲ್ಲ. ಲೈನ್ ಮನೆಗಳಲ್ಲಿ ಈಗ ಹೆಚ್ಚಿನವರು ಅಸ್ಸಾಂ, ಬಂಗಾಳದ ಕಡೆಯಿಂದ ಬಂದವರು, ತಮ್ಮ ತಮ್ಮ ಫೋನಿನಲ್ಲಿ ತಮಗೆ ಬೇಕಾದ್ದನ್ನು ನೋಡಿಕೊಳ್ಳುತ್ತಾರೆ. ಯಾರ ಬಾಗಿಲಲ್ಲೂ ನಿಲ್ಲಬೇಕಾಗಿಲ್ಲ.

ನಾನೂ ಹಾಗೆಯೇ ನೋಡುತ್ತೇನೆ, ಒಬ್ಬನೇ, ಮನೆಯವರೆಲ್ಲ ಮಲಗಿದ ಮೇಲೆ. ಚಿತ್ರಗಳನ್ನು ಈಗ ತಿದ್ದಿ ತೊಳೆದು ಇಟ್ಟಿದ್ದಾರೆ. ಕಣ್ಣು ಕೋರೈಸುವಷ್ಟು ಸ್ಪಷ್ಟ. ಅಷ್ಟು ಸ್ಪಷ್ಟವಾಗಿದ್ದು ಯಾವಾಗಲೂ ಒಳ್ಳೆಯದೆಂದು ನನಗನ್ನಿಸದು. 'ಕಾಸಾಬ್ಲಾಂಕಾ'ದ ಕೊನೆಯಲ್ಲಿ ಹಿಂದೆ ನಿಂತಿರುವ ವಿಮಾನ ಸ್ಟುಡಿಯೋದೊಳಗೆ ನಿಲ್ಲಿಸಿದ ಸಣ್ಣ ಮಾದರಿ; ಅದು ದೊಡ್ಡದಾಗಿ ಕಾಣಲೆಂದು ಅದರ ಸುತ್ತ ಕುಳ್ಳರನ್ನು ಮೆಕ್ಯಾನಿಕ್‌ಗಳನ್ನಾಗಿ ಓಡಾಡಿಸಿ, ಮೇಲೆ ಮಂಜು ಬಿಟ್ಟಿದ್ದಾರೆ. ದೊಡ್ಡ ಟೀವಿಯಲ್ಲಿ ಗುಟ್ಟು ಗೊತ್ತಾಗಿಬಿಡುತ್ತದೆ. ಹಳೆಯ ಟೀವಿಯಲ್ಲಿ ಕೃತಕ ಮಂಜಿನ ಮೇಲೆ ನಮ್ಮ ಡಿಶ್‌ನ ಚುಕ್ಕೆಗಳ ಮಂಜೂ ಸೇರಿ, ಕರೆಂಟು ಹೋಗುವವರೆಗೆ ಕುಳ್ಳರು ಯಾರೂ ಕಂಡಿರಲಿಲ್ಲ. ವಾಚ್‌ಮ್ಯಾನ್ ಇದ್ದಿದ್ದರೆ ಅದನ್ನೂ ಕಾಣುತ್ತಿದ್ದನೋ ಏನೋ, ಆದರೆ ಆ ರಾತ್ರಿ ಅವನು ಆನೆ ಓಡಿಸಲು ಹೋಗಿದ್ದ.

ಈ ಸಲದ ಬೆಲೆಯಲ್ಲಿ ನಮ್ಮ ಪಕ್ಕದ ತೋಟದ ಗೆಳೆಯರೊಬ್ಬರು ಗೋಡೆ ತುಂಬುವಂಥ ಟೀವಿ ತಂದಿದ್ದಾರೆ. 'ಹಳೇ ಇಂಗ್ಲಿಷ್ ಪಿಕ್ಚರ್ ನೀವು ತುಂಬ ನೋಡ್ತೀರಲ್ಲ, ಯಾವುದು ನೋಡಲಿ ಹೇಳಿ' ಎಂದು ದುಂಬಾಲು ಬಿದ್ದರು. 'ಸಿಂಗಿಂಗ್ ಇನ್ ದ ರೇನ್' ಎಂದೆ. ಹೂಮಳೆ ಇನ್ನೂ ಬಂದಿಲ್ಲ, ಮಳೆಯ ಪಿಕ್ಚರ್ ನೋಡಿ ಹೊಟ್ಟೆ ಉರಿಸಿಕೊಳ್ಳಲಾ ಎಂದರು. ತೋಟದ ಕತೆ ಯಾವುದಾದರೂ ಇದೆಯಾ ಎಂದರು. ಇದೆ ಎಂದೆ. ಆ ರಾತ್ರಿ ಹತ್ತೂವರೆಗೆ ಫೋನ್ ಬಂತು.

"ಏನ್ರೀ, ಎರಡು ಗಂಟೆ ಆಯ್ತು ನೋಡೋಕೆ ಹತ್ತಿ. ಅಷ್ಟು ದೊಡ್ಡ ಎಸ್ಟೇಟು, ಕೆಲಸ ಮಾಡೋದು ಸರಿಯಾಗಿ ಒಂದು ಸಲಾನೂ ತೋರಿಸಲ್ಲ. ಯುದ್ಧ ಆದ ಮೇಲೆ ಆಳುಗಳೆಲ್ಲ ಬಿಟ್ಟು ಹೋದ್ರು, ಆ ಹುಡುಗಿನೇ ಹತ್ತಿ ಕೀಳ್ತಾ ಇದ್ದಾಳೆ."

"ಹೌದು."

"ನಮ್ಮ ಪರಿಸ್ಥಿತಿನೂ ಅದೇ ಆಗೋದು. ಈ ಅಸ್ಸಾಂನವರು ಚುನಾವಣೆಗೆ ಅಂತ ಊರಿಗೆ ಹೋದ್ರೆ ವಾಪಸ್ ಬರ್ತಾರೆ ಅಂತ ಏನು ಗ್ಯಾರಂಟಿ?"

ಇನ್ನೂ ಅರ್ಧ ಚಿತ್ರ ಇದೆ, ನೋಡಿ ಎಂದೆ. ಬೆಳಗ್ಗೆ ಐದಕ್ಕೆ ಎದ್ದು ಸ್ಪ್ರಿಂಕ್ಲರ್ ಪೈಪು ಬದಲಾಯಿಸಬೇಕು, ಅದಕ್ಕೂ ಆಳಿಲ್ಲ, ತಾನೇ ಹೋಗಬೇಕು ಎಂದು ಫೋನ್ ಇಟ್ಟರು.